ಹಾಡಿನ ಗುಂಪಿನ ಸಣ್ಣ ಬಾಯಿ

ಆ ಶಾಲೆಯ ಕಥೆ ಹೇಳುವವರೆಲ್ಲ ಹಾಡಿನಿಂದಲೇ ಶುರು ಮಾಡುತ್ತಾರೆ. ಕಾರ್ಖಾನೆಗಳ ನಡುವೆ ಒಂದು ಪುಟ್ಟ ಮರಾಠಿ ಶಾಲೆ, ಅದರ ಅಂಗಳದಲ್ಲಿ ನಿಂತು ಕನ್ನಡದಲ್ಲಿ ಸ್ವಾಗತ ಹಾಡಿದ ಕೂಲಿಕಾರರ ಮಕ್ಕಳು, ಮನಸ್ಸು ಕರಗಿದ ಅಧಿಕಾರಿ, ಮುಚ್ಚದೆ ಉಳಿದ ಶಾಲೆ. ಇದರಲ್ಲಿ ಸುಳ್ಳೇನೂ ಇಲ್ಲ. ನನ್ನ ತಕರಾರು ಇಷ್ಟೇ: ಅವತ್ತು ಪರೀಕ್ಷೆಯ ದಿನ. ಆ ಮಕ್ಕಳು ಅಂಗಳದಲ್ಲಿ ಯಾಕಿದ್ದರು?

೨೦೦೪ರ ಜೂನ್‌ನಲ್ಲಿ ನಾನು ಪುಣೆ ಹತ್ತಿರದ ರಾಂಜಣಗಾಂವದ ಆಚೆಗಿನ ಆ ಹಳ್ಳಿಶಾಲೆಗೆ ಗೌರವಧನದ ಶಿಕ್ಷಕಿಯಾಗಿ ಸೇರಿದೆ. ಅಪ್ಪ ವಿಜಾಪುರದಿಂದ ಪುಣೆಗೆ ಬಂದು ಗುಮಾಸ್ತರಾಗಿದ್ದವರು. ಮನೆಯಲ್ಲಿ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎರಡೂ ಭಾಷೆಗಳಲ್ಲಿ ಬಹುಮಾನ ಹೊಡೆದು, ಜಗತ್ತಿನ ಯಾವ ಮಾತಿಗೂ ನನ್ನಲ್ಲಿ ಎದುರುತ್ತರವಿದೆ ಎಂದು ನಂಬಿದ್ದ ಕಾಲ ಅದು. ನನಗೆ ಕೊಟ್ಟದ್ದು ‘ವಿಶೇಷ ವರ್ಗ’. ಮರಾಠಿ ಬಾರದ ಮಕ್ಕಳಿಗೆ ಕನ್ನಡದ ಮೂಲಕ ಮರಾಠಿ ಕಲಿಸಿ ಉಳಿದವರ ಸಮಕ್ಕೆ ತರುವುದು ಅದರ ಉದ್ದೇಶ. ಮಕ್ಕಳೆಲ್ಲ ಗುಲ್ಬರ್ಗಾ ಕಡೆಯವರು, ಕಾರ್ಖಾನೆಯ ಶೆಡ್ ಕಟ್ಟಲು ಬಂದವರ ಮಕ್ಕಳು.

ಮರಾಠಿ ಶಾಲೆಗಳಲ್ಲಿ ಶಿಕ್ಷಕಿಯನ್ನು ‘ಬಾಯಿ’ ಎನ್ನುತ್ತಾರೆ. ಕನ್ನಡದ ಮಕ್ಕಳಿಗೆ ಇದು ಎಂದೂ ಹಳತಾಗದ ತಮಾಷೆ. ಮುಖ್ಯ ಶಿಕ್ಷಕಿ ಕದಮ ಬಾಯಿ ‘ದೊಡ್ಡ ಬಾಯಿ’ಯಾದರು, ನಾನು ‘ಸಣ್ಣ ಬಾಯಿ’. ಅವರ ಚಪ್ಪಲಿಯ ಸದ್ದು ಕೇಳಿದರೆ ಸಾಕು, ನಾಲ್ಕನೇ ಇಯತ್ತೆಯ ದೇವಮ್ಮ ಹಿಂದಿನ ಸಾಲಿಗೆ ತಿರುಗಿ ಎಚ್ಚರಿಸುತ್ತಿದ್ದಳು: “ದೊಡ್ಡ ಬಾಯಿ ಬಂದ್ರು, ಬಾಯಿ ಮುಚ್ರಲೇ!”

ಶಾಲೆಯ ಸಂಕಟ ಸರಳವಾಗಿತ್ತು. ಊರಿನವರು ತಮ್ಮ ಮಕ್ಕಳನ್ನು ವ್ಯಾನಿನಲ್ಲಿ ಇಂಗ್ಲಿಷ್ ಮೀಡಿಯಂಗೆ ಕಳಿಸತೊಡಗಿದ್ದರು. ಅನುದಾನವಾಗಲಿ ಶಿಕ್ಷಕರ ಹುದ್ದೆಯಾಗಲಿ ಬರುವುದು ಹಾಜರಿಯಲ್ಲಿರುವ ತಲೆಗಳನ್ನು ನೋಡಿ. ಕನ್ನಡದ ಮಕ್ಕಳನ್ನು ಬಿಟ್ಟರೆ ತಲೆಗಳು ಸಾಲುತ್ತಿರಲಿಲ್ಲ. ಆದರೆ ಶಾಲೆಗೆ ಸಿಗುವ ಶ್ರೇಣಿ ಬೇರೆ ಲೆಕ್ಕ. ತಪಾಸಣೆಯ ದಿನ ಮಕ್ಕಳು ಎಷ್ಟು ಓದುತ್ತಾರೆ, ಬರೆಯುತ್ತಾರೆ ಎಂಬುದರ ಮೇಲೆ ಅದು ನಿಂತಿತ್ತು. ಕಡಿಮೆ ಶ್ರೇಣಿಯ ಸಣ್ಣ ಶಾಲೆಗಳನ್ನು ಹೆದ್ದಾರಿಯಾಚೆಯ ದೊಡ್ಡ ಶಾಲೆಗೆ ಸೇರಿಸುವ ಮಾತು ನಡೆದಿತ್ತು. ಅಂದರೆ ನಮ್ಮ ಶಾಲೆಗೆ ಈ ಮಕ್ಕಳ ತಲೆ ಬೇಕು, ಅಂಕ ಬೇಡ.

ಕದಮ ಬಾಯಿಯ ಪರಿಹಾರ ಹಾಡು. ಅಧಿಕಾರಿ ಬಂದಾಗ ಕನ್ನಡದ ಮಕ್ಕಳು ಸ್ವಾಗತ ಹಾಡಬೇಕು, ಪರೀಕ್ಷೆ ನಡೆಯುವಾಗ ಬೀಳ್ಕೊಡುಗೆಯ ಹಾಡಿನ ತಾಲೀಮಿನಲ್ಲಿರಬೇಕು. ಹಾಜರಿ ಪೂರ್ತಿ, ವೈವಿಧ್ಯವೂ ಪೂರ್ತಿ. ಹಾಡು ಕಲಿಸುವ ಕೆಲಸ ನನ್ನದು.

“ಇದು ಮಕ್ಕಳನ್ನು ಹೊರಗಿಡುವುದು,” ಎಂದೆ.

ಅವರು ಮರಾಠಿಯಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ. “ಇದೇನು ಚರ್ಚಾಸ್ಪರ್ಧೆ ಅಲ್ಲ, ಗಂಟೆ ಹೊಡೆದ ಕೂಡಲೇ ಮುಗಿಯೋಕೆ. ಶಾಲೆ ಆಚೆ ಹೋದರೆ ಊರಿನವರ ಮಕ್ಕಳಿಗೆ ವ್ಯಾನ್ ಇದೆ. ನಿಮ್ಮ ಮಕ್ಕಳು ಹೆದ್ದಾರಿ ದಾಟಬೇಕು. ಟ್ರಕ್ಕುಗಳು ನಿಮ್ಮ ವಾದ ಕೇಳಿ ನಿಲ್ಲುತ್ತವಾ?”

ಮರುದಿನವೇ ಹಾಡು ಕಲಿಸತೊಡಗಿದೆ. ಅವರು ಹೇಳಿದ್ದು ನಿಜವಾಗಿತ್ತು.

ತಾಲೀಮಿನಲ್ಲಿ ದೇವಮ್ಮ ಕೇಳಿದಳು: “ಸಣ್ಣ ಬಾಯಿ, ಹಾಡಿದವ್ರಿಗಿ ಮಾರ್ಕ್ಸ್ ಎಷ್ಟ್ರಿ?”

“ಹಾಡಿಗೆ ಮಾರ್ಕ್ಸ್ ಇಲ್ಲ.”

“ಮತ್ತ್ಯಾಕ ಹಾಡ್ಬೇಕ್ರಿ? ಒಳಗ ಕುಂದ್ರಸ್ರಿ. ನಂಗ ಓದಾಕ ಬರ್ತದ.”

ಬರುತ್ತಿತ್ತು. ಊರಿನ ಮಕ್ಕಳಿಗಿಂತ ಚೆನ್ನಾಗಿ ಬರುತ್ತಿತ್ತು. ಅವಳ ತಮ್ಮ ಸಾಬಣ್ಣನಿಗೂ ಉಳಿದವರಿಗೂ ಇನ್ನೂ ಅಕ್ಷರ ಕೂಡಿಸಿ ಓದಲು ಆಗುತ್ತಿರಲಿಲ್ಲ. ನಾನು ಹೊಸ ವಾದ ಹೂಡಿದೆ. ದೇವಮ್ಮನನ್ನು ಒಳಗೆ ಕೂರಿಸಿದರೆ ಶ್ರೇಣಿ ಏರುತ್ತದೆ, ಇಳಿಯುವುದಿಲ್ಲ. ಕದಮ ಬಾಯಿ, “ಅವಳೊಬ್ಬಳೇ. ಉಳಿದವರು ಅಂಗಳದಲ್ಲಿ,” ಎಂದರು. ನಾನು ಬೀಗಿದೆ.

ತಪಾಸಣೆಗೆ ಬಂದ ಅಧಿಕಾರಿ ಒಳ್ಳೆಯ ಮನುಷ್ಯ, ಮೆತ್ತಗಿನ ಮಾತು. ಸ್ವಾಗತದ ಹಾಡಿಗೆ ತಲೆದೂಗಿದರು. ಒಳಗೆ ದೇವಮ್ಮ ಕರ್ನಾಟಕದವಳೆಂದು ಗೊತ್ತಾದಾಗ, “ಹಾಗಾದರೆ ನೀನೂ ಒಂದು ಹಾಡು ಹೇಳು ಮಗು,” ಎಂದರು.

ಅವಳು ಎದ್ದು ನಿಂತಳು. “ಗಾಣಂ ನಕೋ ಸಾಹೇಬ್. ಧಡಾ ವಾಚತೇ.” ಹಾಡು ಬೇಡ ಸಾಹೇಬರೇ, ಪಾಠ ಓದುತ್ತೇನೆ.

ಓದಿದಳು. ಎಲ್ಲೂ ತಡವರಿಸಲಿಲ್ಲ. ಕೇಳಿದ್ದಕ್ಕೆಲ್ಲ ತನ್ನದೇ ಮಾತಿನಲ್ಲಿ ಉತ್ತರ ಕೊಟ್ಟಳು. ಅಧಿಕಾರಿ ಚಪ್ಪಾಳೆ ತಟ್ಟಿದರು. ಕದಮ ಬಾಯಿಯ ಮುಖದಲ್ಲಿ ಆ ವರ್ಷ ಮೊದಲ ಸಲ ನಗು ಕಂಡೆ.

ಚಹಾ ಕುಡಿಯುತ್ತ ಅಧಿಕಾರಿ ನನ್ನತ್ತ ತಿರುಗಿದರು. “ನಿಮ್ಮ ವರ್ಗ ಯಶಸ್ವಿಯಾಗಿದೆ ಬಾಯಿ. ಇನ್ನು ಇಲ್ಲಿ ಅದರ ಅಗತ್ಯವಿಲ್ಲ. ಒಂದಕ್ಷರ ಮರಾಠಿ ಗೊತ್ತಿಲ್ಲದ ಮಕ್ಕಳಿರುವ ಇಟ್ಟಿಗೆಭಟ್ಟಿಗಳಿವೆ. ಈ ಹಣ ಅಲ್ಲಿಗೆ ಹೋಗಲಿ.”

“ಇಲ್ಲ ಸರ್, ಇವಳೊಬ್ಬಳು ಕಲಿತಿದ್ದಾಳೆ. ಉಳಿದವರಿಗೆ ಇನ್ನೂ…”

“ಹೌದಾ? ಕರೆಯಿರಿ ಅವರನ್ನು. ಓದಿಸಿಯೇ ನೋಡೋಣ.”

ಕದಮ ಬಾಯಿ ಕಪ್ಪು ಕೆಳಗಿಟ್ಟು ನನ್ನನ್ನೇ ನೋಡಿದರು. ಕರೆದರೆ ಅವರಿಗೆ ಓದಲು ಬಾರದ್ದು ಬಯಲಾಗುತ್ತದೆ. ವಿಶೇಷ ವರ್ಗ ಉಳಿಯುತ್ತದೆ, ಶ್ರೇಣಿ ಬೀಳುತ್ತದೆ, ಶಾಲೆ ಹೆದ್ದಾರಿಯಾಚೆ ಹೋಗುತ್ತದೆ. ಕರೆಯದಿದ್ದರೆ ಶಾಲೆ ಉಳಿಯುತ್ತದೆ, ಅವರಿಗೆ ಕಲಿಸುವವರು ಇರುವುದಿಲ್ಲ. ಸ್ಪರ್ಧೆಯಲ್ಲಾದರೆ ಒಂದು ಪಕ್ಷ ಹಿಡಿದು ಇನ್ನೊಂದನ್ನು ಕತ್ತರಿಸಬಹುದಿತ್ತು. ಇಲ್ಲಿ ಎರಡೂ ಪಕ್ಷದಲ್ಲಿ ಅದೇ ಮಕ್ಕಳಿದ್ದರು. ಕಿಟಕಿಯಾಚೆ ಸಾಬಣ್ಣನ ದನಿ ಎಲ್ಲರಿಗಿಂತ ಮೇಲೆ ಕೇಳುತ್ತಿತ್ತು.

“ಅವರು ತಾಲೀಮಿನಲ್ಲಿದ್ದಾರೆ, ಸಾಹೇಬ್,” ಎಂದರು ಕದಮ ಬಾಯಿ. ಸಣ್ಣ ಬಾಯಿ ಮುಚ್ಚಿಕೊಂಡೇ ಇತ್ತು.

ಶಾಲೆಗೆ ಒಳ್ಳೆಯ ಶ್ರೇಣಿ ಬಂತು. ವಿಶೇಷ ವರ್ಗ ಆ ಏಪ್ರಿಲ್‌ಗೆ ನಿಂತಿತು. ಮುಂದಿನ ವರ್ಷ ಕನ್ನಡದ ಮಕ್ಕಳು ಮರಾಠಿ ವರ್ಗದ ಹಿಂದಿನ ಸಾಲಿನಲ್ಲಿ ಕೂತರು, ದೀಪಾವಳಿಯ ಹೊತ್ತಿಗೆ ಹೆಚ್ಚಿನವರು ಬರುವುದನ್ನೇ ಬಿಟ್ಟರು ಎಂದು ಕೇಳಿದೆ. ಹಾಜರಿಯಲ್ಲಿ ಹೆಸರುಗಳಿದ್ದವು. ಹಾಡಿನ ಕಥೆಯೂ ಹಬ್ಬಿತು.

ಈಗಲೂ ನಾನು ಶಾಲೆಗಳ ನಡುವೆಯೇ ಕೆಲಸ ಮಾಡುತ್ತೇನೆ. ಒಂದು ಮಗುವನ್ನು ಎತ್ತಿ ತೋರಿಸಿ ಯಾರಾದರೂ ಯಶಸ್ಸು ಎಂದಾಗ, ಅದೇ ಹೊತ್ತಿಗೆ ಅಂಗಳದಲ್ಲಿ ಯಾರಿದ್ದಾರೆ ಎಂದು ಮೊದಲು ಹೋಗಿ ನೋಡುವುದನ್ನು ಆ ಒಂದು ವರ್ಷ ಕಲಿಸಿತು. ವಾದ ಗೆಲ್ಲುವ ಉಮೇದು ಆಮೇಲೆ ಅಷ್ಟಾಗಿ ಉಳಿಯಲಿಲ್ಲ.

ಕೊನೆಯ ದಿನ ನಾನು ಬಸ್ಸಿಗೆ ಕಾಯುತ್ತಿದ್ದಾಗ ದೇವಮ್ಮ ತಮ್ಮನ ಕೈ ಹಿಡಿದು ಬಂದಳು. ಸಾಬಣ್ಣ ಆ ಹಾಡನ್ನೇ ಗುನುಗುತ್ತಿದ್ದ. ಅವಳು ಅವನನ್ನು ಸುಮ್ಮನಿರಿಸಿ ಕೇಳಿದಳು:

“ಸಣ್ಣ ಬಾಯಿ, ಅವತ್ತು ನಾ ತಪ್ಪ ಓದ್ಬೇಕಿತ್ತೇನ್ರಿ?”