ಪಾಲಿಶ್ ಮಾಮನ ಸೂಜಿ

ಬೀದಿಯವರೆಲ್ಲ ಪಾಲಿಶ್ ಮಾಮ ಎಂದೇ ಕರೆಯುವ ಈತ ಎಂಥ ಮಂಕು ಕುರ್ಚಿಯಲ್ಲೂ ನಮ್ಮ ಮುಖ ನಮಗೇ ಕಾಣುವಂತೆ ಮಾಡಬಲ್ಲ. ಕುಡಿತ ಬಿಟ್ಟಿದ್ದಾನೆ, ಆದರೆ ಪಾಲಿಶ್‌ಗೆ ಅರಗು ಕರಗಿಸುವ ಸ್ಪಿರಿಟನ್ನು ಬಿಡುವಂತಿಲ್ಲ. ಹಾಗಾಗಿ ಯಾರ ಮನೆಗೆ ಹೋದರೂ ಮೊದಲು ಬಾಟಲಿಯನ್ನು ಮನೆಯಾಕೆಯ ಕೈಗೆ ಒಪ್ಪಿಸುತ್ತಾನೆ. "ಅಕ್ಕಾ, ಕೇಳಿದಾಗ ಒಂದೊಂದೇ ಬಟ್ಟಲು ಕೊಡಿ. ಈ ಮಹಾರಾಯನ ಜೊತೆ ನನ್ನ ಒಬ್ಬನ್ನೇ ಬಿಡ್ಬೇಡಿ, ಹಳೇ ಸ್ನೇಹ!" ಕುಡಿಯುವ ಗೆಳೆಯರು ಕರೆದರೆ, "ನನ್ನ ಪಾಲಿಂದೂ ಮೇಜೇ ಕುಡೀತು ಕಣಯ್ಯಾ, ನೋಡು ಹೇಗೆ ಹೊಳೀತಿದೆ" ಎಂದು ನಗುತ್ತಾನೆ. ಸಂಜೆ ಮೈತುಂಬ ಸ್ಪಿರಿಟ್ ವಾಸನೆ ಹೊತ್ತು ಬರುವವನ ಬಾಯಿ ಮೂಸಿ ಹೆಂಡತಿಗೆ ಏನು ತಿಳಿಯಬೇಕು? ಅದಕ್ಕೇ ಅವಳು ಹೊಸ್ತಿಲಲ್ಲೇ ಸೂಜಿ ದಾರ ಕೊಡುತ್ತಿದ್ದಳು. ಕುಡಿದವನಿಗೆ ಸೂಜಿಯ ಕಣ್ಣು ಎರಡಾಗಿ ಕಾಣುತ್ತದಲ್ಲ; ಒಂದೇ ಸಲಕ್ಕೆ ಪೋಣಿಸಿದರೆ ಮಾತ್ರ ಒಳಗೆ ಊಟ. ಈಚೆಗೆ ಅವಳು ಆ ಪರೀಕ್ಷೆಯನ್ನೇ ಬಿಟ್ಟುಬಿಟ್ಟಿದ್ದಾಳೆ. "ನಂಬಿಕೆ ಬಂತು ಅಂದ್ನಲ್ಲ, ಒಳಗೆ ಬನ್ನಿ" ಎಂದು ಗದರಿದರೂ ಈತ ಬಾಗಿಲಲ್ಲೇ ನಿಲ್ಲುತ್ತಾನೆ. "ನಿಂಗೆ ಬಂತು ಕಣೇ. ನಂಗೂ ದಿನಾ ಬರ್ಬೇಕಲ್ಲ, ಸೂಜಿ ಕೊಡು." ದಾರ ನೆಟ್ಟಗೆ ಒಳಗೆ ಹೋದ ಮೇಲೆಯೇ ಅವನು ಚಪ್ಪಲಿ ಬಿಡುವುದು.