ಬೋರ್ಡು ಹಚ್ಚುವ ಮುನ್ನ ತಪ್ಪು ಹೇಳುವ ಧಮ್ಮಪಾಲ

ಬೆಳಗಿನ ಐದೂಮುಕ್ಕಾಲು. ಹುಮನಾಬಾದ್ ಬಸ್ ನಿಲ್ದಾಣದ ಎದುರು, ಸೂರ್ಯಕಾಂತ ಅವರ ಚಹಾದಂಗಡಿಯಲ್ಲಿ ಧಮ್ಮಪಾಲ ಒಂದು ಕ್ಯೂಆರ್ ಬೋರ್ಡನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಾರೆ. ಹಬೆಗೂ ಎಣ್ಣೆ ಜಿಡ್ಡಿಗೂ ಅದು ವಾರದೊಳಗೆ ಮಬ್ಬಾಗುತ್ತದೆ. ಮಬ್ಬಾದರೆ ಗಿರಾಕಿಯ ಮೊಬೈಲು ಅದನ್ನು ಓದುವುದಿಲ್ಲ. ಬೋರ್ಡಿನ ಮೇಲೆ ಕನ್ನಡದಲ್ಲಿ ಬರೆದಿದೆ: ‘ಇಲ್ಲಿ ಬಿಟ್‌ಕಾಯಿನ್ ನಡೆಯುತ್ತದೆ.’

“ಬಂದ ನೋಡ್ರಿ, ಕಾಣದ ರೊಕ್ಕದ ಸಾವ್ಕಾರ,” ಎಂದು ಸೂರ್ಯಕಾಂತ ಗಿರಾಕಿಗಳಿಗೆ ಪರಿಚಯ ಮಾಡಿಸುತ್ತಾರೆ. “ಚಾದ ರೊಕ್ಕ ಮಾತ್ರ ಕಾಣೂದ ಕೊಡಪಾ.” ಹೀಗೆ ಹೇಳುತ್ತಲೇ ಧಮ್ಮಪಾಲರ ಚೀಲಕ್ಕೆ ಕಾಗದದಲ್ಲಿ ಸುತ್ತಿದ ಎರಡು ಪಾವ್ ತುರುಕುತ್ತಾರೆ. ಅದಕ್ಕೆ ದುಡ್ಡು ಕೇಳುವುದಿಲ್ಲ.

ಧಮ್ಮಪಾಲ ನಗುತ್ತಾರಾದರೂ ಆ ನಗು ಇವತ್ತು ಬಹಳ ಹೊತ್ತು ಉಳಿಯುವುದಿಲ್ಲ. ಬಸವಕಲ್ಯಾಣದಲ್ಲಿ ಬಳೆ ಮಾರುವ ಕುಲ್ಸುಮ್ ಬೀ ತಮ್ಮ ಅಂಗಡಿಗೂ ಬೋರ್ಡು ಬೇಕೆಂದು ಕರೆದಿದ್ದಾರೆ. ಅವರ ಪಕ್ಕದಲ್ಲೇ ಚಿಂದಿ ಬಟ್ಟೆ ಜೋಡಿಸಿ ಕೌದಿ ಹೊಲಿಯುವ ಕಾಂತಾಬಾಯಿಯವರ ಅಂಗಡಿ. ಐದು ತಿಂಗಳಿಂದ ಧಮ್ಮಪಾಲ ಆ ಓಣಿಗೆ ಕಾಲಿಟ್ಟಿಲ್ಲ. “ಹ್ಯಾಂಗ ಮಾರಿ ತೋರಿಸ್ಲಿ ಅಂತ ರಾತ್ರೆಲ್ಲಾ ಅದ ವಿಚಾರ್ರಿ,” ಎನ್ನುತ್ತಾರೆ.

ಮೂವತ್ತನಾಲ್ಕರ ಧಮ್ಮಪಾಲ ಹುಡಗಿ ಎಂಬ ಗ್ರಾಮದವರು. ತಂದೆ-ತಾಯಿ ಕೂಲಿ ಮಾಡಿ ಹತ್ತನೆಯವರೆಗೆ ಓದಿಸಿದರು. ಹುಮನಾಬಾದಿನಲ್ಲಿ ಮೊಬೈಲ್ ರಿಪೇರಿ ಅವರ ಹೊಟ್ಟೆಪಾಡು. ಒಮ್ಮೆ ದೂರದೂರಿನ ಪ್ರವಾಸಿಯೊಬ್ಬ ಒಡೆದ ಸ್ಕ್ರೀನ್ ಹಾಕಿಸಿಕೊಂಡು, ಜೇಬಿನಲ್ಲಿ ರೊಕ್ಕ ಸಾಲದೆ, ಬಿಟ್‌ಕಾಯಿನ್ ಕೊಟ್ಟು ಹೋದ. ಅದನ್ನು ಪಡೆಯುವುದು ಹೇಗೆಂದು ಅರ್ಧ ದಿನ ಕೂತು ಕಲಿಸಿಯೂ ಹೋದ.

“ನಮ್ಮವ್ವನ ಬ್ಯಾಂಕಿನ ಖಾತೆಕ್ಕ ನಾ ಏಳು ಸಲ ಅಡ್ಡಾಡೀನ್ರಿ. ಇದರಾಗ ನೀ ಯಾರ ಮಗ, ಯಾವ ಓಣಿ ಅಂತ ಯಾರೂ ಕೇಳಂಗಿಲ್ಲ. ಅದ ನನಗ ಸೇರಿತು.”

ಅಂದಿನಿಂದ ಎರಡೂ ಊರು ಸೇರಿ ಮೂವತ್ತೊಂದು ಸಣ್ಣ ಅಂಗಡಿಗಳಿಗೆ ಬೋರ್ಡು ಹಚ್ಚಿದ್ದಾರೆ. ಹದಿನೇಳು ಈಗಲೂ ಇವೆ. ಒಂದು ಅಂಗಡಿಗೆ ವಾರಕ್ಕೆ ಬರುವ ಇಂಥ ಪಾವತಿ ಒಂದೋ ಎರಡೋ. ಬಸವಣ್ಣನ ಊರು ನೋಡಲು ಬರುವ ದೂರದ ಪ್ರವಾಸಿಗರು, ಕೊಲ್ಲಿ ದೇಶಗಳಿಂದ ರಜೆಗೆ ಬಂದವರು ಕೊಟ್ಟದ್ದು. ಇದಕ್ಕೆ ತೆರಿಗೆ ಉಂಟು, ಇದರ ಬೆಲೆ ಒಂದೇ ದಿನದಲ್ಲಿ ಇಳಿದೀತು ಎಂಬುದನ್ನು ಧಮ್ಮಪಾಲ ಮುಚ್ಚಿಡುವುದಿಲ್ಲ. ಕಲಿಸಿದ್ದಕ್ಕೆ ದುಡ್ಡು ತೆಗೆದುಕೊಳ್ಳುವುದೂ ಇಲ್ಲ.

ಬಸವಕಲ್ಯಾಣಕ್ಕೆ ಹೋಗುವ ಬಸ್ಸಿನಲ್ಲಿ ಕಾಂತಾಬಾಯಿಯವರ ಮಾತು ಬಂದಾಗ ಧಮ್ಮಪಾಲ ಕಿಟಕಿಯ ಕಡೆ ತಿರುಗುತ್ತಾರೆ.

ಬಿಟ್‌ಕಾಯಿನ್ ಇಡುವ ಪ್ರತಿಯೊಬ್ಬರಿಗೂ ಮೊಬೈಲು ಹನ್ನೆರಡು ಇಂಗ್ಲಿಷ್ ಪದ ಕೊಡುತ್ತದೆ. ಫೋನು ಹೋದರೂ ಆ ಪದಗಳಿದ್ದರೆ ಹಣ ಸಿಗುತ್ತದೆ. ಅವೂ ಹೋದರೆ ಯಾವ ಬ್ಯಾಂಕೂ ಯಾವ ಕಚೇರಿಯೂ ಕೊಡಿಸಲಾರದು. ಕಾಂತಾಬಾಯಿಯವರ ಪದಗಳನ್ನು ಧಮ್ಮಪಾಲ ಚೀಟಿಯಲ್ಲಿ ಬರೆದುಕೊಟ್ಟು, ಯಾರ ಕಣ್ಣಿಗೂ ಬೀಳದ ಕಡೆ ಇಡಿ ಎಂದಿದ್ದರು. ಕಾಂತಾಬಾಯಿಯವರ ಮನೆತನದಲ್ಲಿ ಕೌದಿಯನ್ನು ಮುಚ್ಚಿ ಹೊಲಿಯುವ ಮುನ್ನ, ಅದು ಹಸಿದಿರಬಾರದೆಂದು ಮೂಲೆಯೊಳಗೆ ಹೋಳಿಗೆಯ ತುಣುಕು ಇಡುವ ರೂಢಿ. ಮನೆಯ ಹೊಸ ಕೌದಿಗೆ ಅವರು ಹೋಳಿಗೆಯ ಜೊತೆ ಆ ಚೀಟಿಯನ್ನೂ ಇಟ್ಟು ಹೊಲಿದರು. ಮಹಾನವಮಿಯ ಮುಂದೆ ಹಾಸಿಗೆ-ಹೊದಿಕೆ ಒಗೆಯುವಾಗ ಮಗಳು ಪೂನಂ ಆ ಕೌದಿಯನ್ನೂ ನೀರಿಗೆ ಹಾಕಿದಳು.

“ಫೋನಿನಾಗಿಂದೂ ಎಲ್ಲಾ ಅಳಿಸಿ ಹೋಗಿತ್ತು. ಕೌದಿ ಬಿಚ್ಚಿದ್ರ ಬರೇ ನೀಲಿ ಕಲೆ,” ಎನ್ನುತ್ತಾರೆ ಧಮ್ಮಪಾಲ. ಹೊಲಿಗೆ ಯಂತ್ರಕ್ಕೆಂದು ಕಾಂತಾಬಾಯಿ ಕೂಡಿಟ್ಟ ಹನ್ನೊಂದು ಸಾವಿರ ರೂಪಾಯಿ ಅದು. ಯಾರೂ ಕದ್ದಿಲ್ಲ, ಇದ್ದಲ್ಲೇ ಇದೆ, ತೆರೆಯುವವರಿಲ್ಲ. ಅಷ್ಟನ್ನೂ ಧಮ್ಮಪಾಲ ಮೂರು ಕಂತಿನಲ್ಲಿ ಕೊಟ್ಟು ತೀರಿಸಿದ್ದಾರೆ. ಪ್ರತಿ ಸಲವೂ ಸೂರ್ಯಕಾಂತರ ಕೈಲಿ ಕಳಿಸಿದರು, ತಾವು ಹೋಗಲಿಲ್ಲ.

ಆಮೇಲೆ ಚೀಟಿ ಬಿಟ್ಟರು. ಪಾತ್ರೆಗಳ ಮೇಲೆ ಹೆಸರು ಕೊರೆಯುವ ಯಂತ್ರವೊಂದನ್ನು ಹಳೆಯದೇ ಕೊಂಡರು. ಈಗ ಅಂಗಡಿಯವರು ತಮ್ಮ ಪದಗಳನ್ನು ಸ್ಟೀಲ್ ತಟ್ಟೆಯ ಹಿಂಬದಿಗೆ ತಾವೇ ಕೊರೆಯುತ್ತಾರೆ. ಇಂಗ್ಲಿಷ್ ಬಾರದವರು ಅಕ್ಷರಗಳನ್ನು ರಂಗೋಲಿಯಂತೆ ನೋಡಿ ನೋಡಿ ಇಳಿಸುತ್ತಾರೆ. ಅದು ಮುಗಿಯುವವರೆಗೆ ಧಮ್ಮಪಾಲ ಬೆನ್ನು ತಿರುಗಿಸಿ ರಸ್ತೆ ನೋಡುತ್ತಾ ನಿಲ್ಲುತ್ತಾರೆ. ಹೊಸ ಅಂಗಡಿಯಲ್ಲಿ ಕೂತ ಕೂಡಲೇ ಮೊದಲು ತಮ್ಮ ತಪ್ಪು ಹೇಳುತ್ತಾರೆ. ಈ ಐದು ತಿಂಗಳಲ್ಲಿ ಬೋರ್ಡು ಹಚ್ಚಿದ ಒಂಬತ್ತು ಅಂಗಡಿಗಳಲ್ಲೂ ಹೇಳಿದ್ದಾರೆ.

ಓಣಿಯಲ್ಲಿ ಕಾಂತಾಬಾಯಿ ಕಟ್ಟೆಯ ಮೇಲೆ ಕೂತು ಕೌದಿಗೆ ಟಾಕು ಹಾಕುತ್ತಿದ್ದಾರೆ. ಧಮ್ಮಪಾಲ ಕೈ ಮುಗಿಯುತ್ತಾರೆ.

“ಬಾ ತಮ್ಮಾ. ಬಿಸಿಲಾಗ ನಿಂದರಬ್ಯಾಡ,” ಎಂದು ಅವರು ಸೂಜಿಯಿಂದ ಕಣ್ಣೆತ್ತದೆ ಹೇಳುತ್ತಾರೆ. ಕೂರಲು ತಮ್ಮ ಮಗ್ಗುಲಿನ ಚಿಂದಿಗಳನ್ನು ಸರಿಸುತ್ತಾರೆ. ಧಮ್ಮಪಾಲ ಕೂರುವುದಿಲ್ಲ. ತಲೆ ತಗ್ಗಿಸಿ ಬಳೆ ಅಂಗಡಿಗೆ ನಡೆಯುತ್ತಾರೆ.

ಕುಲ್ಸುಮ್ ಬೀ ಎದುರು ಎಂದಿನ ಮಾತು ಶುರುವಾಗುತ್ತದೆ. “ಮೊದಲ ನನ್ನ ತಪ್ಪು ಕೇಳ್ರಿ. ಒಬ್ರ ಅಕ್ಕಾರದು ರೊಕ್ಕ ಹೋತು. ಫೋನಿನಾಗಿಂದು ಅಳಿಸಿ ಹೋಗಿತ್ತು, ಚೀಟಿ ನೀರಾಗ ತೊಯ್ದಿತ್ತು. ಕಾಗದದ ಮ್ಯಾಲ ಬರದು ಕೊಟ್ಟಿದ್ದು ನನ್ನ ತಪ್ಪು. ಅದಕ್ಕ ಈಗ ಸ್ಟೀಲಿನ ಮ್ಯಾಲ…”

“ಪೂರಾ ಹೇಳಪಾ,” ಎನ್ನುತ್ತದೆ ಪಕ್ಕದ ಕಟ್ಟೆಯ ದನಿ.

ಧಮ್ಮಪಾಲ ಆ ಕಡೆ ತಿರುಗುತ್ತಾರೆ.

“ನಾ ಫೋನಿನ ಆವಾಜ್ ಅಷ್ಟ ದುರಸ್ತ ಮಾಡು ಅಂದಿದ್ದೆ. ನೀ ನನ್ನ ಕೇಳಲಾರದ ಎಲ್ಲಾ ಅಳಸಿದಿ. ಚೀಟಿ ಎಲ್ಲೈತಿ ಅಂತ ಆಮ್ಯಾಗ ಕೇಳಿದಿ. ತಪ್ಪು ಬರೇ ನೀರಿನ ಮ್ಯಾಲ, ಕಾಗದದ ಮ್ಯಾಲ ಹಾಕಬ್ಯಾಡ.” ಕಾಂತಾಬಾಯಿಯವರ ದನಿ ಏರಿಲ್ಲ. ಸೂಜಿ ಮತ್ತೆ ಬಟ್ಟೆಗಿಳಿಯುತ್ತದೆ.

ಧಮ್ಮಪಾಲರ ಕಿವಿಗಳು ಕೆಂಪಾಗಿವೆ. ಕುಲ್ಸುಮ್ ಬೀ ಕಡೆ ನೋಡಿ, “ಹೌದ್ರಿ. ಕೇಳಲಾರದ ನಾನ ಅಳಸಿದೆ,” ಎನ್ನುತ್ತಾರೆ.

“ಅಚ್ಛಾ,” ಎಂದು ಕುಲ್ಸುಮ್ ಬೀ ಬಳೆಗಳನ್ನು ಜೋಡಿಸುತ್ತಾ ಯೋಚಿಸುತ್ತಾರೆ. “ಹಂಗಾದ್ರ ಇವತ್ತ ಬ್ಯಾಡ ಬೇಟಾ. ನಾ ಇನ್ನೊಂದಿಷ್ಟು ವಿಚಾರ ಮಾಡ್ತೀನಿ.”

ತಂದ ಬೋರ್ಡು ಬಿಚ್ಚದೆಯೇ ಚೀಲಕ್ಕೆ ವಾಪಸ್ಸಾಗುತ್ತದೆ. ಹೊರಟವರನ್ನು ಕಾಂತಾಬಾಯಿ ಕರೆದು, ಬಟ್ಟಲಿನಲ್ಲಿ ಅರ್ಧ ಚಹಾ ಹಾಕಿಕೊಡುತ್ತಾರೆ. ಈ ಸಲ ಧಮ್ಮಪಾಲ ಕಟ್ಟೆಯ ಮೇಲೆ ಕೂತು ಕುಡಿಯುತ್ತಾರೆ.

ಮುಂದೇನು ಎಂದು ಬಸ್ ನಿಲ್ದಾಣದಲ್ಲಿ ಕೇಳಿದರೆ, ಅವರು ಹೊಸ ಅಂಗಡಿಗಳ ಹೆಸರು ಹೇಳುವುದಿಲ್ಲ.

“ಆ ಒಂಬತ್ತು ಅಂಗಡಿಗೆ ಮತ್ತ ಹೋಗಬೇಕ್ರಿ. ಅವರಿಗೆ ನಾ ಅರ್ಧಾ ಅಷ್ಟ ಹೇಳೀನಿ. ಪೂರಾ ಕೇಳಿ ಬೋರ್ಡು ತಗೀ ಅಂದ್ರ, ನನ್ನ ಕೈಲೇ ತಗದು ಬರ್ತೀನಿ.”