ಆದವಾನಿಯ ಹತ್ತಿ ಅಂಗಳದಲ್ಲಿ ಒಂದು ಭಾಷಣ

ಸೂಯೆಜ್ ಕಾಲುವೆ ಮುಚ್ಚಿದ ಚಳಿಗಾಲದಲ್ಲಿ ನಾನು ಬಳ್ಳಾರಿಯಿಂದ ಆದವಾನಿಗೆ ಹೊರಟೆ. ನಾನು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಚರಿತ್ರೆಯ ಉಪಾಧ್ಯಾಯಿನಿ. ಆದವಾನಿಯ ಹತ್ತಿ ವ್ಯಾಪಾರಿ ಚನ್ನಬಸಪ್ಪನವರು ಅಲ್ಲಿನ ವಾಚನಾಲಯದ ಅಧ್ಯಕ್ಷರು. ಕಾಲುವೆಯ ಯುದ್ಧದ ಬಗ್ಗೆ ಮಾತಾಡಲು ಅವರು ನನ್ನನ್ನು ಕರೆದಿದ್ದರು. ಹಡಗುಗಳು ನಿಂತು ಅವರ ಹತ್ತಿಯ ಬೇಲುಗಳು ಮುಂಬಯಿಯಲ್ಲೇ ಕೊಳೆಯುತ್ತಿದ್ದವು. ಈಜಿಪ್ಟು ಅವರಿಗೆ ದೂರದ ದೇಶವಾಗಿ ಉಳಿದಿರಲಿಲ್ಲ.

ಗುಂತಕಲ್ಲಿನಲ್ಲಿ ಸಣ್ಣ ಗಾಡಿ ಇಳಿದು ಮುಂಬಯಿ ಕಡೆಯ ದೊಡ್ಡ ಗಾಡಿ ಹತ್ತಿದೆ. ಎರಡೂ ಕಡೆ ಕಪ್ಪು ನೆಲ, ಅದರ ಮೇಲೆ ಬಿರಿದ ಹತ್ತಿ. ನಾನು ಓದುವಾಗ ಬಳ್ಳಾರಿ, ಆದವಾನಿ ಒಂದೇ ಜಿಲ್ಲೆ. ಈಗ ಬಳ್ಳಾರಿ ಮೈಸೂರು ರಾಜ್ಯಕ್ಕೆ, ಆದವಾನಿ ಆಂಧ್ರಕ್ಕೆ. ಕಿಟಕಿಯಿಂದ ಎಷ್ಟು ನೋಡಿದರೂ ಗಡಿ ಎಲ್ಲಿ ದಾಟಿದೆನೋ ತಿಳಿಯಲಿಲ್ಲ.

ಸ್ಟೇಷನ್ನಿಗೆ ಚನ್ನಬಸಪ್ಪನವರೇ ಜಟಕಾ ತಂದಿದ್ದರು. ಮನೆಯಲ್ಲಿ ಅವರ ಹೆಂಡತಿ ಗೌರಮ್ಮ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಬಡಿಸಿದರು. ಎರಡನೆಯ ರೊಟ್ಟಿ ಮುರಿಯುವಾಗ ಯಜಮಾನರು ಮಾತು ತೆಗೆದರು.

"ನೋಡ್ರಿ ಟೀಚರಮ್ಮ, ಕಾಲುವೆ ಬಗ್ಗೆ ಎಷ್ಟು ಬೇಕಾದ್ರೂ ಮಾತಾಡ್ರಿ. ಹಂಗೇರಿ ಸುದ್ದಿ ಮಾತ್ರ ಬ್ಯಾಡ. ನಮ್ಮ ಸಮಿತಿ ಕಾರ್ಯದರ್ಶಿ ವಕೀಲ ರಾಮಮೂರ್ತಿಗೆ ಆಗಂಗಿಲ್ಲ. ಇನ್ನೊಂದು, ತೆಲುಗಿನಾಗ ಬರದಿದ್ರ ಇಂಗ್ಲೀಷಿನಾಗ ಹೇಳ್ರಿ. ಕನ್ನಡದಾಗ ಸಭೆ ಮಾಡಿದ್ರ, ಇವರು ಊರನ್ನ ಮೈಸೂರಿಗೆ ಎಳೀತಾರ ಅಂತ ಗದ್ದಲ ಆಗತೈತಿ."

ನಾನು ರೊಟ್ಟಿ ಕೆಳಗಿಟ್ಟೆ. ಇಂಗ್ಲೀಷರು ಕೈರೋ ಮೇಲೆ ಬಾಂಬು ಹಾಕಿದ್ದು ತಪ್ಪಾದರೆ, ಈಜಿಪ್ಟಿನ ಪರ ನಿಂತ ಕೆಂಪು ಸೇನೆ ಹಂಗೇರಿಗೆ, ಬುಡಾಪೆಸ್ಟಿನ ಬೀದಿಗೆ, ಟ್ಯಾಂಕು ನುಗ್ಗಿಸಿದ್ದೂ ತಪ್ಪೇ. ಆ ಎರಡು ಸುದ್ದಿಗಳನ್ನೂ ನಾನು ಒಂದೇ ವಾರ, ಒಂದೇ ಪತ್ರಿಕೆಯಲ್ಲಿ ಓದಿದ್ದೆ. ಒಂದನ್ನು ಹೇಳಿ ಇನ್ನೊಂದನ್ನು ನುಂಗಿದರೆ ನನ್ನ ತರಗತಿಯ ಹುಡುಗಿಯರ ಮುಂದೆ ಹೇಗೆ ನಿಲ್ಲಲಿ?

"ಎರಡನ್ನೂ ಹೇಳ್ತೀನಿ, ಕನ್ನಡದಲ್ಲೇ ಹೇಳ್ತೀನಿ. ಆಗದಿದ್ದರೆ ಸಂಜೆ ಗಾಡಿಗೆ ವಾಪಸು ಹೋಗ್ತೀನಿ," ಎಂದೆ.

ಗೌರಮ್ಮ ಗಂಡನ ತಟ್ಟೆಗೆ ಚಟ್ನಿ ಹಾಕುತ್ತಾ, "ಅರ್ಧ ಮಾತು ಹೇಳಿಸಾಕ ಇಷ್ಟು ದೂರದಿಂದ ಕರೆಸಿದ್ರೇನು ಆಕಿನ್ನ?" ಎಂದರು. ಯಜಮಾನರು ಕೈ ತೊಳೆದು ಬಂದು, "ನಡೀರಿ," ಎಂದಷ್ಟೇ ಹೇಳಿದರು.

ಮಧ್ಯಾಹ್ನ ವಾಚನಾಲಯ ತುಂಬಿತ್ತು. ವ್ಯಾಪಾರಿಗಳು, ಗುಮಾಸ್ತರು, ಹಿಂದಿನ ಸಾಲಿನಲ್ಲಿ ಕೆಲವು ಹೆಂಗಸರು. ನಾನು ಬಾಯಿ ತೆರೆಯುತ್ತಲೇ ತೆಳ್ಳನೆಯ ತರುಣರೊಬ್ಬರು ಎದ್ದರು. ವೆಂಕಟರೆಡ್ಡಿ, ಊರಿನ ಸ್ಕೂಲಿನಲ್ಲಿ ತೆಲುಗು ಮೇಷ್ಟ್ರು ಎಂದು ಪಕ್ಕದವರು ಪಿಸುಗುಟ್ಟಿದರು.

"ಇದಿ ಆಂಧ್ರ, ಮೇಡಂ! ಇಲ್ಲಿ ಬಂದು ಕನ್ನಡದಾಗ ಭಾಷಣ ಮಾಡಾಕ ಯಾರು ಹೇಳಿದ್ರು ನಿಮಗ?"

ಆಕ್ಷೇಪಣೆ ತೆಲುಗಿನಲ್ಲಿ ಶುರುವಾಗಿ ಕನ್ನಡದಲ್ಲಿ ಮುಗಿಯಿತು. ಯಾರೋ ನಕ್ಕರು. ನಾನು ನಗಲಿಲ್ಲ; ಅವರ ದನಿಯಲ್ಲಿ ನಿಜವಾದ ನೋವಿತ್ತು. "ಪೂರ್ತಿ ಹೇಳಿ," ಎಂದು ಕುಳಿತೆ. ಮದರಾಸಿನ ಕಚೇರಿಗಳಲ್ಲಿ ತೆಲುಗರು ತಲೆತಗ್ಗಿಸಿ ನಿಂತಿದ್ದ ಕಾಲವನ್ನು, ತಮ್ಮದೇ ರಾಜ್ಯಕ್ಕಾಗಿ ಪಟ್ಟ ಪಾಡನ್ನು ಅವರು ವಿವರವಾಗಿ ಹೇಳಿದರು. ಮುಗಿದ ಮೇಲೆ ನಾನು ಎದ್ದೆ. "ನಿಮ್ಮದು ಕೇಳಿದೆ. ಈಗ ನನ್ನದು ಕೇಳಿ." ಅವರು ಮುಖ ಗಂಟಿಕ್ಕಿಕೊಂಡೇ ಕುಳಿತರು.

ಈಜಿಪ್ಟಿನ ಮಾತಿಗೆ ಚಪ್ಪಾಳೆ ಬಿತ್ತು. ಹಂಗೇರಿಯ ಹೆಸರು ಎತ್ತಿದ್ದೇ ತಡ, ಮುಂದಿನ ಸಾಲಿನಲ್ಲಿದ್ದ ರಾಮಮೂರ್ತಿ ಎದ್ದು ನಿಂತರು. "ಈಜಿಪ್ಟಿನ ಪರ ನಿಂತ ದೇಶಾನ ಈಗ ಬೈದ್ರ ಇಂಗ್ಲೀಷರಿಗೆ ಲಾಭ. ಅದಕ್ಕ ಈ ಜಾಗ ಕೊಡಂಗಿಲ್ಲ. ಸಭೆ ಮುಗೀತು!" ಎಂದು ಕಾವಲುಗಾರನನ್ನು ಕರೆದು ಕಿಟಕಿ ಹಾಕಿಸತೊಡಗಿದರು. ನಾನು ಮಾತು ನಿಲ್ಲಿಸಲಿಲ್ಲ. ಕೊನೆಯ ಕಿಟಕಿಯೂ ಮುಚ್ಚಿದ ಮೇಲೆ ಕತ್ತಲೆಯಲ್ಲಿ ಜನ ಎದ್ದು ಹೊರಗೆ ಬಂದರು. ನಮ್ಮ ಹಿಂದೆಯೇ ಬಾಗಿಲಿಗೆ ಬೀಗ ಬಿತ್ತು.

ಬೀದಿಯಲ್ಲಿ ಎಲ್ಲರೂ ಚನ್ನಬಸಪ್ಪನವರ ಮುಖ ನೋಡಿದರು. ಅವರು ಪೇಟ ತೆಗೆದು ಕೊಡವಿ ಮತ್ತೆ ಇಟ್ಟುಕೊಂಡರು. "ನಾಳೆ ಸಮಿತಿ ನನ್ನನ್ನ ಅಧ್ಯಕ್ಷಗಿರಿಯಿಂದ ತೆಗೀತೈತಿ. ತೆಗೀಲಿ. ನಮ್ಮ ಹತ್ತಿ ಜಿನ್ನಿನ ಅಂಗಳಕ್ಕ ಯಾರ ಬೀಗಾನೂ ಇಲ್ಲ. ಬರ್ರಿ ಎಲ್ಲಾರೂ."

ಅರ್ಧ ಜನ ಚದುರಿದರು, ಅರ್ಧ ಜನ ಬಂದರು. ಹತ್ತಿ ಬೀಜ ಬಿಡಿಸುವ ಯಂತ್ರ ನಿಲ್ಲಿಸಲಾಯಿತು. ನಾನು ಅರಳೆಯ ರಾಶಿಯ ಮುಂದೆ ನಿಂತು, ಬಿಟ್ಟಲ್ಲಿಂದ ಶುರುಮಾಡಿದೆ. ಗಂಟಲಿಗೆ ಹತ್ತಿಯ ಧೂಳು ಹೋಗಿ ಕೆಮ್ಮು ಬಂತು. ನೀರು ತಂದುಕೊಟ್ಟವರನ್ನು ನೋಡಿದರೆ ವೆಂಕಟರೆಡ್ಡಿ!

"ಭಾಷೆ ಬಗ್ಗೆ ನನ್ನ ಆಕ್ಷೇಪಣೆ ಹಂಗೇ ಐತಿ ಮೇಡಂ," ಎಂದರು. "ಆದ್ರ ಬೀಗ ಹಾಕಿದ್ದು ನನಗ ಸರಿಬರಲಿಲ್ಲ. ಮುಂದಕ್ಕ ಹೇಳ್ರಿ."

ಹೇಳಿದೆ. ಮುಗಿದ ಮೇಲೆ ಚಪ್ಪಾಳೆ ಹೆಚ್ಚಿರಲಿಲ್ಲ, ಪ್ರಶ್ನೆಗಳು ಬಹಳ ಇದ್ದವು. ಹೊತ್ತು ಮುಳುಗುವವರೆಗೂ ಕನ್ನಡದಲ್ಲಿ, ತೆಲುಗಿನಲ್ಲಿ ಕೇಳಿದರು. ನನಗೆ ತಿಳಿಯದ ತೆಲುಗನ್ನು ಗೌರಮ್ಮ ತಿಳಿಸಿಕೊಟ್ಟರು.

ಮರುದಿನ ರಾಯಚೂರಿನಲ್ಲಿದ್ದ ನನ್ನ ಅಕ್ಕನ ಮನೆಗೆ ಹೋಗಬೇಕಿತ್ತು. ರೈಲಿನಲ್ಲೇ ಹೋಗಬಹುದಿತ್ತು; ಗಡಿಯ ನದಿಯನ್ನಾದರೂ ಕಣ್ಣಾರೆ ನೋಡೋಣವೆಂದು ಬಸ್ಸಿನ ದಾರಿ ಹಿಡಿದೆ. ಎಮ್ಮಿಗನೂರಿಗೆ ಹದಿನೆಂಟು ಮೈಲಿ. ಬಸ್ಸಿನಲ್ಲಿ ಕಿಟಕಿಯ ಪಕ್ಕ ವೆಂಕಟರೆಡ್ಡಿ ಕುಳಿತಿದ್ದರು. ಅವರ ಊರು ಹೊಳೆದಂಡೆಯ ಮಾಧವರಂ, ರಜೆಗೆ ಹೊರಟಿದ್ದರು. ನನಗೆ ಜಾಗ ಬಿಟ್ಟುಕೊಟ್ಟು ಜಗಳ ಶುರುಮಾಡಿದರು.

"ಆದವಾನಿ ಆಂಧ್ರದ್ದೇ. ಇದನ್ನ ಒಪ್ಪಿಕೊಳ್ರಿ."

"ಒಪ್ಪಿದೆ. ಅಲ್ಲಿ ಕನ್ನಡ ಮಾತಾಡೋರು ಬಾಯಿ ಮುಚ್ಚಬೇಕು ಅನ್ನೋದನ್ನ ಒಪ್ಪೋದಿಲ್ಲ."

"ಬಳ್ಳಾರಿಯಾಗ ನಾನು ತೆಲುಗಿನಾಗ ಭಾಷಣ ಮಾಡಿದ್ರ?"

"ನಾನೇ ಸಭೆ ಕರೀತೀನಿ. ಕಲ್ಲು ಹೊಡೆಯೋರು ಬಂದರೆ ನಿಮ್ಮ ಪಕ್ಕ ನಿಲ್ತೀನಿ."

ಅಷ್ಟರಲ್ಲಿ ಎಮ್ಮಿಗನೂರು ಬಂತು. ಮಗ್ಗದ ಸದ್ದು ಬಸ್ ನಿಲ್ದಾಣಕ್ಕೇ ಕೇಳುತ್ತಿತ್ತು. ಚಹಾ ಕುಡಿದು ಬೇರೆ ಬಸ್ಸು ಹತ್ತಿದೆವು. ಮಾಧವರಂ ಮುಟ್ಟುವವರೆಗೂ ಇಬ್ಬರೂ ಸೋಲಲಿಲ್ಲ.

ತುಂಗಭದ್ರೆ ತಿಳಿಯಾಗಿ, ಅಗಲವಾಗಿ ಹರಿಯುತ್ತಿದ್ದಳು. ಆಚೆ ದಡ ಈಗ ಮೈಸೂರು ರಾಜ್ಯ. ನಾನು ಹರಿಗೋಲು ಹತ್ತಿದೆ. ಅಂಬಿಗ ಹುಟ್ಟು ಹಾಕುತ್ತಲೇ ವೆಂಕಟರೆಡ್ಡಿ ಮೊಣಕಾಲಿನವರೆಗೆ ನೀರಿಗಿಳಿದು ಕೂಗಿದರು.

"ಮೇಡಂ! ಬಳ್ಳಾರಿ ಸಭೆ ಯಾವಾಗ?"

"ಪರೀಕ್ಷೆ ಮುಗಿದ ಮೇಲೆ! ಬರ್ತೀರಾ?"

"ಬರ್ತೀನಿ! ತೆಲುಗಿನಾಗೇ ಮಾತಾಡ್ತೀನಿ!"

ಹರಿಗೋಲು ಗಿರ್ರನೆ ತಿರುಗಿತು. ನನಗೆ ರಾಯಚೂರು ಕಡೆಯ ದಡ ಎದುರಾಯಿತು. ಬೆನ್ನ ಹಿಂದೆ ಅವರು ಇನ್ನೂ ಏನೋ ಕೂಗುತ್ತಿದ್ದರು, ನೀರಿನ ಸದ್ದಿನಲ್ಲಿ ಅರ್ಧವೂ ತಿಳಿಯಲಿಲ್ಲ. ಮತ್ತೊಂದು ಸುತ್ತು ತಿರುಗಿದಾಗ ಕಂಡರು. ಒಂದು ಕೈಯಲ್ಲಿ ಪಂಚೆ ಎತ್ತಿ ಹಿಡಿದು, ಇನ್ನೊಂದು ಕೈ ಬೀಸುತ್ತಾ, ನನ್ನ ಯಾವುದೋ ಮಾತನ್ನು ಜೋರಾಗಿ ಅಲ್ಲಗಳೆಯುತ್ತಿದ್ದ ಹಾಗಿತ್ತು.